ಗಿಡಕ್ಕೆ ನಾಲ್ಕು ವರ್ಷ, ಬೆಲೆಗೆ ನಾಲ್ಕು ಸೆಕೆಂಡು

ಇಲ್ಲಿಗೆ ಬರುವ ದಾರಿಯಲ್ಲಿ ಒಂದು ಕಣದ ಪಕ್ಕ ಗಾಡಿ ನಿಲ್ಲಿಸಿದ್ದೆ. ರೊಬಸ್ಟಾ ಹಣ್ಣು ಹರಡಿದ್ದರು, ಒಳ್ಳೆಯ ಬಿಸಿಲಿತ್ತು. ಯಜಮಾನರೊಬ್ಬರು ಕಾಲಲ್ಲೇ ಸಾಲು ಎಳೆಯುತ್ತಾ ಕಾಫಿ ತಿರುವುತ್ತಿದ್ದರು, ಕಣ್ಣು ಮಾತ್ರ ಕೈಯಲ್ಲಿದ್ದ ಮೊಬೈಲ್ ಮೇಲೆ. "ಏನು ನೋಡ್ತಿದೀರಿ?" ಅಂತ ಕೇಳಿದೆ. "ಲಂಡನ್" ಅಂದರು. ಅಷ್ಟೇ. ಮಧ್ಯಾಹ್ನ ಮೂರು ಗಂಟೆ ಆಗಿತ್ತು, ಅಲ್ಲಿ ಮಾರುಕಟ್ಟೆ ಆಗಷ್ಟೇ ತೆರೆದಿತ್ತು.

ನನಗೆ ಕೊಟ್ಟ ವಿಷಯ ದೊಡ್ಡದು. ಜಾಗತಿಕ ಆರ್ಥಿಕತೆಯ ಮುಂದಿರುವ ದೊಡ್ಡ ಪ್ರಶ್ನೆಗಳು. ಕಾಲೇಜಿನಲ್ಲಿ ಇಷ್ಟು ವರ್ಷ ಅರ್ಥಶಾಸ್ತ್ರ ಪಾಠ ಮಾಡಿದ್ದೇನೆ, ಬೇಕಾದರೆ ಬೋರ್ಡ್ ಮೇಲೆ ನಾಲ್ಕು ಗೆರೆ ಎಳೆದು ವಿವರಿಸಬಹುದು. ಆದರೆ ಈ ಸಭೆಯಲ್ಲಿ ಅರ್ಧ ಜನ ಬೆಳೆಗಾರರು, ಇನ್ನರ್ಧ ಅವರ ಮಕ್ಕಳು. ನಾನೂ ಆರು ಎಕರೆ ತೋಟದ ಮನೆಯಲ್ಲಿ ಹುಟ್ಟಿದವನೇ. ಹಾಗಾಗಿ ಇವತ್ತು ಪೂರ್ತಿ ಕಾಫಿ ಬಗ್ಗೆಯೇ ಮಾತಾಡುತ್ತೇನೆ. ಮಾರುಕಟ್ಟೆಯನ್ನು ಅದರ ಪಾಡಿಗೆ ಬಿಡಬೇಕಾ, ಹಿಡಿತ ಇರಬೇಕಾ, ನಷ್ಟ ಬಂದಾಗ ಯಾರು ಹೊರಬೇಕು, ಇವೆಲ್ಲ ಕಾಫಿ ಒಂದರಲ್ಲೇ ಕಾಣುತ್ತವೆ.

ಮೊದಲು ಆ ಲಂಡನ್ ವಿಚಾರ. ನಾವು ಬೆಳೆಯುವ ಕಾಫಿ ಎರಡು ಜಾತಿ. ರೊಬಸ್ಟಾ ಬೆಲೆ ಲಂಡನ್ನಿನಲ್ಲಿ ನಿಗದಿಯಾಗುತ್ತದೆ, ಅರೇಬಿಕಾ ಬೆಲೆ ನ್ಯೂಯಾರ್ಕಿನಲ್ಲಿ. ಅಲ್ಲಿ ಯಾರೂ ಮೂಟೆ ಹೊರುವುದಿಲ್ಲ. ಮುಂದೆ ಯಾವತ್ತೋ ಒಂದು ತಿಂಗಳಲ್ಲಿ ಇಷ್ಟು ಕಾಫಿ ಇಷ್ಟು ಬೆಲೆಗೆ ಅನ್ನುವ ಕರಾರನ್ನು ಕೊಳ್ಳುತ್ತಾರೆ, ಮಾರುತ್ತಾರೆ. ಬೆಲೆ ಪ್ರತಿ ಸೆಕೆಂಡೂ ಬದಲಾಗುತ್ತದೆ. ಆ ಬೆಲೆಗೆ ರೂಪಾಯಿ ಲೆಕ್ಕ ಸೇರಿ, ಓಟಿ (ಒಣಗಿದ ಕಾಫಿಯಲ್ಲಿ ಬೀಜ ಎಷ್ಟು ಸಿಗುತ್ತದೆ ಅನ್ನುವ ಲೆಕ್ಕ) ನೋಡಿ, ವ್ಯಾಪಾರಿಯ ಖರ್ಚು ಕಳೆದು, ಉಳಿದದ್ದು ನಿಮ್ಮೂರಿನ ರೇಟ್ ಆಗುತ್ತದೆ.

ಇದನ್ನು ಸುಮ್ನೆ ಜೂಜು ಅಂತ ಬೈಯುವವರಿದ್ದಾರೆ. ನಾನು ಒಪ್ಪುವುದಿಲ್ಲ. ಈ ವ್ಯವಸ್ಥೆ ಹುಟ್ಟಿದ್ದಕ್ಕೆ ಕಾರಣ ಇದೆ. ಇವತ್ತು ಕಾಫಿ ಕೊಂಡು ಮೂರು ತಿಂಗಳ ನಂತರ ಇಟಲಿಗೆ ತಲುಪಿಸುವ ವ್ಯಾಪಾರಿಗೆ ನಡುವೆ ಬೆಲೆ ಬಿದ್ದರೆ ಮನೆ ಮಾರಬೇಕಾಗುತ್ತದೆ. ಅವನು ಆ ಭಯವನ್ನು ಇನ್ನೊಬ್ಬರಿಗೆ ಮಾರಿ ಬಿಡಬಹುದು, ಅದಕ್ಕೇ ಈ ಕರಾರು ಇರುವುದು. ತಪ್ಪೇನಿಲ್ಲ.

ಆದರೆ ಈಗ ನೋಡಿ. ಲಂಡನ್ನಿನ ಒಂದು ಕರಾರು ಅಂದರೆ 10 ಟನ್. ನ್ಯೂಯಾರ್ಕಿನ ಒಂದು ಕರಾರು 37,500 ಪೌಂಡ್, ಅಂದರೆ ಸುಮಾರು 17 ಟನ್. ಐದು ಎಕರೆ ರೊಬಸ್ಟಾ ತೋಟದಲ್ಲಿ ವರ್ಷಕ್ಕೆ ಎಷ್ಟು ಬರುತ್ತದೆ? ಸಂಸ್ಕರಿಸಿದ ಲೆಕ್ಕದಲ್ಲಿ ಎರಡು ಟನ್ ಬಂದರೆ ಚೆನ್ನಾಗಿ ಬಂತು ಅನ್ನುತ್ತೇವೆ. ನಮ್ಮ ದೇಶದ ಬೆಳೆಗಾರರಲ್ಲಿ ನೂರಕ್ಕೆ 98ಕ್ಕಿಂತ ಜಾಸ್ತಿ ಜನ 25 ಎಕರೆ ಒಳಗಿನವರು. ಅಂದರೆ ಭಯವನ್ನು ಮಾರುವ ಅಂಗಡಿ ಇದೆ, ಆದರೆ ಅದರ ಬಾಗಿಲು ನಮಗಿಂತ ಎತ್ತರದಲ್ಲಿದೆ. ವ್ಯಾಪಾರಿ, ರಫ್ತುದಾರ, ಹುರಿಯುವ ಕಂಪನಿ, ಎಲ್ಲರೂ ತಮ್ಮ ಭಯವನ್ನು ಒಬ್ಬರಿಂದ ಒಬ್ಬರಿಗೆ ದಾಟಿಸುತ್ತಾರೆ. ಗಿಡ ಇಟ್ಟವನಿಗೆ ಮಾತ್ರ ದಾಟಿಸುವುದಕ್ಕೆ ಯಾರೂ ಇಲ್ಲ.

ಮತ್ತೆ ಗಿಡದ ಸ್ವಭಾವ ನಿಮಗೆ ಗೊತ್ತೇ ಇದೆ. ಇವತ್ತು ನೆಟ್ಟರೆ ಕೈಗೆ ಫಸಲು ಸಿಗಲು ಮೂರು ನಾಲ್ಕು ವರ್ಷ. ಆಮೇಲೆ ಮೂವತ್ತು ನಲವತ್ತು ವರ್ಷ ಅಲ್ಲೇ ನಿಲ್ಲುತ್ತದೆ. ಜೋಳದವನಾದರೆ ಬೆಲೆ ಬಿದ್ದ ಮರುವರ್ಷ ಹತ್ತಿ ಹಾಕಬಹುದು. ನಮಗೆ ಆ ದಾರಿ ಇಲ್ಲ. ದುಡ್ಡು ಒಂದು ದೇಶದಿಂದ ಇನ್ನೊಂದು ದೇಶಕ್ಕೆ ನಾಲ್ಕು ಸೆಕೆಂಡಿನಲ್ಲಿ ಹೋಗುತ್ತದೆ, ಗಿಡ ಬೇರು ಬಿಟ್ಟ ಜಾಗದಿಂದ ಕದಲುವುದಿಲ್ಲ. ಈ ಎರಡು ವೇಗಗಳ ನಡುವಿನ ಅಂತರವೇ ನನ್ನ ಇವತ್ತಿನ ಮಾತು.

ಇದು ಯಾವಾಗಲೂ ಹೀಗೇ ಇರಲಿಲ್ಲ. ನಿಮ್ಮಲ್ಲಿ ಅರವತ್ತು ದಾಟಿದವರಿಗೆ ಪೂಲ್ ಕಾಲ ನೆನಪಿರುತ್ತದೆ.

ಎರಡನೇ ಮಹಾಯುದ್ಧದ ಹೊತ್ತಿಗೆ ಯುರೋಪಿಗೆ ಹಡಗು ಹೋಗುವುದು ನಿಂತು ಕಾಫಿ ಗೋದಾಮಿನಲ್ಲೇ ಉಳಿಯಿತು. 1942ರ ಕಾಫಿ ಕಾಯ್ದೆ ಬಂತು, ಕಾಫಿ ಬೋರ್ಡ್ ಗಟ್ಟಿಯಾಯಿತು. ಬೆಳೆದದ್ದನ್ನೆಲ್ಲ ಬೋರ್ಡಿಗೇ ಕೊಡಬೇಕು. ಬೋರ್ಡ್ ಎಲ್ಲರ ಕಾಫಿಯನ್ನೂ ಒಟ್ಟು ಮಾಡಿ ಮಾರಿ, ಬಂದ ಹಣವನ್ನು ಕಂತು ಕಂತಾಗಿ ಹಂಚುತ್ತಿತ್ತು. ಅದೇ ಪೂಲ್. ನಮ್ಮಪ್ಪ ಇಟ್ಟಿದ್ದ ಒಂದು ಲೆಕ್ಕದ ಪುಸ್ತಕ ನನ್ನ ಹತ್ತಿರ ಇದೆ. ಅದರಲ್ಲಿ ಒಂದು ವರ್ಷದ ಕಾಫಿಯ ಕೊನೆಯ ಕಂತು ಮುಂದಿನ ಎರಡು ಕುಯ್ಲು ಮುಗಿದ ಮೇಲೆ ಬಂದದ್ದಿದೆ. ಅಷ್ಟರಲ್ಲಿ ಅಕ್ಕನ ಮದುವೆಗೆ ಸಾಲ ಮಾಡಿ ಆಗಿತ್ತು.

ಹೊರಗೆ ಪ್ರಪಂಚದಲ್ಲೂ ಇಂಥದ್ದೇ ಒಂದು ವ್ಯವಸ್ಥೆ ಇತ್ತು. 1962ರಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದ ಆಯಿತು. ಬೆಳೆಯುವ ದೇಶ, ಕುಡಿಯುವ ದೇಶ ಎರಡೂ ಒಂದೇ ಮೇಜಿಗೆ ಕೂತು, ಯಾವ ದೇಶ ಎಷ್ಟು ಕಾಫಿ ಹೊರಗೆ ಕಳಿಸಬಹುದು ಅಂತ ಪಾಲು ಹಾಕಿದವು. ಬೆಲೆ ತೀರಾ ಬಿದ್ದರೆ ಪಾಲು ಕಡಿಮೆ ಮಾಡುವುದು, ಏರಿದರೆ ಸಡಿಲ ಬಿಡುವುದು. ಅಮೆರಿಕ ಯಾಕೆ ಒಪ್ಪಿತು ಅಂತೀರಾ? ಆಗಷ್ಟೇ ಕ್ಯೂಬಾ ಕಮ್ಯುನಿಸ್ಟ್ ಕಡೆ ಹೋಗಿತ್ತು. ಕಾಫಿ ಬೆಲೆ ಬಿದ್ದು ಲ್ಯಾಟಿನ್ ಅಮೆರಿಕದ ರೈತರು ಹಸಿದರೆ ಇನ್ನಷ್ಟು ದೇಶಗಳು ಅದೇ ದಾರಿ ಹಿಡಿಯುತ್ತವೆ ಅನ್ನುವ ಭಯ ಅದಕ್ಕಿತ್ತು. ಅಂದರೆ ನಮಗೆ ಸಿಕ್ಕ ಆ ಬೆಲೆಯ ಭದ್ರತೆಯಲ್ಲಿ ಶೀತಲ ಸಮರದ ಪಾಲೂ ಇತ್ತು. ಸಮರ ಮುಗಿಯುತ್ತಾ ಬಂದಂತೆ ಆ ಆಸಕ್ತಿಯೂ ಮುಗಿಯಿತು. ಯಾರಿಗೆ ಎಷ್ಟು ಪಾಲು ಅನ್ನುವ ಜಗಳ ಹರಿಯಲಿಲ್ಲ, ಬ್ರೆಜಿಲ್ ತನ್ನ ಪಾಲು ಬಿಟ್ಟುಕೊಡಲಿಲ್ಲ. 1989ರ ಜುಲೈನಲ್ಲಿ ಪಾಲಿನ ವ್ಯವಸ್ಥೆ ಕುಸಿದು ಬಿತ್ತು. ಕೆಲವೇ ತಿಂಗಳಲ್ಲಿ ಕಾಫಿ ಬೆಲೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು.

ನಮ್ಮಲ್ಲೂ 1992ರಿಂದ ಪೂಲ್ ಸಡಿಲವಾಗುತ್ತಾ ಬಂತು, 1996ರ ಹೊತ್ತಿಗೆ ಪೂರ್ತಿ ಹೋಯಿತು. ಇದನ್ನು ಕೇಳಿದ್ದು ಸ್ವತಃ ಬೆಳೆಗಾರರೇ. ನನಗೆ ಚೆನ್ನಾಗಿ ನೆನಪಿದೆ, ನಮ್ಮ ಮನೆಯ ಜಗಲಿಯಲ್ಲೇ ಅದರ ಬಗ್ಗೆ ವಾದ ನಡೆಯುತ್ತಿತ್ತು. ಒಳ್ಳೆ ಕಾಫಿ ಮಾಡಿದವನಿಗೂ ಕೆಟ್ಟ ಕಾಫಿ ಮಾಡಿದವನಿಗೂ ಹೆಚ್ಚು ವ್ಯತ್ಯಾಸ ಇಲ್ಲ, ದುಡ್ಡು ವರ್ಷಗಟ್ಟಲೆ ಬರುವುದಿಲ್ಲ, ನಮ್ಮ ಮಾಲನ್ನು ನಾವೇ ಮಾರುವ ಹಕ್ಕು ಯಾಕಿಲ್ಲ ಅಂತ. ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಹಾಗಾಗಿ ಈಗ ಯಾರಾದರೂ ಹಳೆ ಪೂಲ್ ವಾಪಸ್ ತರಬೇಕು ಅಂದರೆ ನಾನು ಅದರ ಪರ ಕೈ ಎತ್ತುವುದಿಲ್ಲ.

ಆಮೇಲೆ ಅದೃಷ್ಟವೂ ಕೂಡಿ ಬಂತು. 1994ರ ಜೂನ್, ಜುಲೈನಲ್ಲಿ ಬ್ರೆಜಿಲ್‌ನಲ್ಲಿ ಎರಡು ಸಲ ಹಿಮ ಬಿತ್ತು. ಗಿಡಗಳು ಸುಟ್ಟು ಹೋದವು. ಪ್ರಪಂಚದ ಬೆಲೆ ದುಪ್ಪಟ್ಟಾಯಿತು. ಸರಿಯಾಗಿ ಅದೇ ಹೊತ್ತಿಗೆ ನಮ್ಮ ಕೈಗೆ ಮಾರುವ ಸ್ವಾತಂತ್ರ್ಯ ಬಂದಿತ್ತು! ಮಲೆನಾಡಿನಲ್ಲಿ, ಕೊಡಗಿನಲ್ಲಿ ಆ ಎರಡು ಮೂರು ವರ್ಷ ಕಟ್ಟಿದ ಮನೆಗಳು, ತಂದ ಜೀಪುಗಳು ಇವತ್ತಿಗೂ ಇವೆ. ಹೊಸ ತೋಟಗಳೂ ಎದ್ದವು.

ನಮ್ಮ ಚಿಕ್ಕಪ್ಪನೂ ಆಗ ತೋಟ ಮಾಡಿದರು. 1996ರಲ್ಲಿ. ಗದ್ದೆ ಅಂಚಿನ ನಾಲ್ಕು ಎಕರೆ ಗುಡ್ಡ ಬಿದ್ದಿತ್ತು, ಅದರಲ್ಲಿ ರೊಬಸ್ಟಾ ಇಟ್ಟರು. ಒಂದು ಬ್ಯಾಂಕಿನಲ್ಲಿ ಸಾಲ, ಹೆಸರು ಬೇಡ. ಆವತ್ತಿನ ಬೆಲೆ ಹಿಡಿದು ಲೆಕ್ಕ ಹಾಕಿದ್ದರು, ಬ್ಯಾಂಕಿನವರೂ ಅದೇ ಬೆಲೆ ಹಿಡಿದೇ ಸಾಲ ಮಂಜೂರು ಮಾಡಿದ್ದರು. ಚಿಕ್ಕಪ್ಪ ತಪ್ಪು ಮಾಡಲಿಲ್ಲ. ಹೊತ್ತಿಗೆ ಸರಿಯಾಗಿ ಕಂಬಚಿಗುರು (ಗಿಡದ ಬೇಡದ ಚಿಗುರು) ತೆಗೆಸಿದರು, ಮರಗಸಿ (ನೆರಳಿನ ಮರದ ಕೊಂಬೆ ಸವರುವುದು) ಮಾಡಿಸಿದರು, ಹೂಮಳೆ ಕೈಕೊಟ್ಟ ವರ್ಷ ಪಕ್ಕದ ಕೆರೆಯಿಂದ ನೀರು ಹಾಯಿಸಿದರು. 2000ದಲ್ಲಿ ಮೊದಲ ಒಳ್ಳೆ ಫಸಲು ಬಂತು. ಗಿಡದಲ್ಲಿ ಕೈ ಇಡಲು ಜಾಗ ಇಲ್ಲದಷ್ಟು ಕಾಯಿ.

ಆ ಹೊತ್ತಿಗೆ ಸಾವಿರಾರು ಮೈಲಿ ದೂರದಲ್ಲಿ ಇನ್ನೊಬ್ಬ ಚಿಕ್ಕಪ್ಪನೂ ಅದೇ ಲೆಕ್ಕ ಹಾಕಿದ್ದ. ವಿಯೆಟ್ನಾಂನಲ್ಲಿ. 1986ರಲ್ಲಿ ಆ ದೇಶ ತನ್ನ ಆರ್ಥಿಕತೆಯ ಬಾಗಿಲು ತೆರೆಯಿತು. ದಾಕ್ ಲಾಕ್ ಪ್ರಾಂತ್ಯದ ಎತ್ತರದ ಕೆಂಪು ಮಣ್ಣಿನಲ್ಲಿ ಲಕ್ಷಾಂತರ ಸಣ್ಣ ರೈತರು ರೊಬಸ್ಟಾ ಇಟ್ಟರು. ಅವರಲ್ಲಿ ನೀರಾವರಿ ಇತ್ತು, ಗೊಬ್ಬರ ಇತ್ತು, ನಮ್ಮ ಹಾಗೆ ನೆರಳಿನ ಮರ ಕಡಿಮೆ. ಒಂದು ಹೆಕ್ಟೇರಿಗೆ ಎರಡೂವರೆ ಟನ್‌ಗೂ ಜಾಸ್ತಿ ಬೆಳೆಯುತ್ತಾರೆ, ನಮ್ಮ ಸರಾಸರಿ ಒಂದು ಟನ್ನಿನ ಒಳಗೇ ಇದೆ. 2000ದ ಹೊತ್ತಿಗೆ ಅವರು ಕೊಲಂಬಿಯಾವನ್ನು ಹಿಂದೆ ಹಾಕಿ ಪ್ರಪಂಚದಲ್ಲಿ ಎರಡನೇ ಸ್ಥಾನಕ್ಕೆ ಬಂದರು. ಬ್ರೆಜಿಲ್ಲಿನವರೂ ಹಿಮ ಬೀಳದ ಕಡೆ ಹೊಸ ತೋಟ ಮಾಡಿದ್ದರು. ಎಲ್ಲರ ಗಿಡವೂ ಒಟ್ಟಿಗೇ ಫಸಲಿಗೆ ಬಂತು.

2001ರ ಕೊನೆಗೆ ನ್ಯೂಯಾರ್ಕಿನಲ್ಲಿ ಅರೇಬಿಕಾ ಪೌಂಡಿಗೆ 45 ಸೆಂಟ್‌ಗೂ ಕೆಳಗೆ ಹೋಯಿತು. ಅರ್ಧ ಡಾಲರೂ ಇಲ್ಲ. ರೊಬಸ್ಟಾ ಕಥೆ ಅದಕ್ಕಿಂತ ಕೆಟ್ಟದ್ದು. ಚಿಕ್ಕಪ್ಪನ ತೋಟದಲ್ಲಿ ಕುಯ್ದ ಕೂಲಿಯೂ ಹುಟ್ಟಲಿಲ್ಲ. ಎರಡನೇ ವರ್ಷ ಅವರು ಕುಯ್ಲನ್ನೇ ಮಾಡಿಸಲಿಲ್ಲ, ಹಣ್ಣು ಗಿಡದಲ್ಲೇ ಒಣಗಿ ಕಪ್ಪಾಗಿ ಉದುರಿತು, ಕಾಯಿಕೊರಕ ತುಂಬಿತು. 2003ರಲ್ಲಿ ಆ ಗುಡ್ಡ ಮಾರಿದರು. ದುಃಖ ಏನೆಂದರೆ ಅವರು ಮಾಡಿದ್ದೆಲ್ಲ ಸರಿ ಇತ್ತು.

ನಮ್ಮ ಅರ್ಥಶಾಸ್ತ್ರದಲ್ಲಿ ಒಂದು ಮಾತಿದೆ, ಏರಿದ ಬೆಲೆಗೆ ಏರಿದ ಬೆಲೆಯೇ ಮದ್ದು ಅಂತ. ಬೆಲೆ ಏರಿದರೆ ಜಾಸ್ತಿ ಬೆಳೆಯುತ್ತಾರೆ, ಬೆಲೆ ತಾನಾಗಿ ಇಳಿಯುತ್ತದೆ. ಮಕ್ಕಳಿಗೆ ಇದನ್ನು ನಾನೇ ಕಲಿಸಿದ್ದೇನೆ, ತಪ್ಪಲ್ಲ. ಆದರೆ ಆ ಮದ್ದು ಕುಡಿಯುವವರು ಯಾರು ಅಂತ ಪುಸ್ತಕದಲ್ಲಿ ಬರೆದಿರುವುದಿಲ್ಲ. ಕೊನೆಗೆ ನೆಟ್ಟವನು ಕುಡಿಯುತ್ತಾನೆ. ವಿಯೆಟ್ನಾಂ ರೈತನನ್ನು ಬೈಯುವವರು ಇವತ್ತಿಗೂ ಇದ್ದಾರೆ, ದಯವಿಟ್ಟು ಬೈಯಬೇಡಿ. 2001ರಲ್ಲಿ ಅವನೂ ಗಿಡ ಕಿತ್ತು ಹಾಕಿದ.

ಸರಿ, ಬೆಳೆದವನು ಸೋತ. ಕುಡಿಯುವವನಿಗಾದರೂ ಅಗ್ಗವಾಯಿತಾ? ಅಂತರರಾಷ್ಟ್ರೀಯ ಕಾಫಿ ಸಂಘಟನೆಯೇ ಆ ಕಾಲದಲ್ಲಿ ಕೊಟ್ಟ ಲೆಕ್ಕ ಕೇಳಿ. 1990ರ ದಶಕದ ಆರಂಭದಲ್ಲಿ ಪ್ರಪಂಚದ ಚಿಲ್ಲರೆ ಕಾಫಿ ವ್ಯಾಪಾರ ಸುಮಾರು 30 ಶತಕೋಟಿ ಡಾಲರ್, ಅದರಲ್ಲಿ ಬೆಳೆಯುವ ದೇಶಗಳಿಗೆ 10ರಿಂದ 12 ಶತಕೋಟಿ. ಈ ಬಿಕ್ಕಟ್ಟಿನ ಹೊತ್ತಿಗೆ ಚಿಲ್ಲರೆ ವ್ಯಾಪಾರ 70 ಶತಕೋಟಿ ದಾಟಿತ್ತು, ಬೆಳೆಯುವ ದೇಶಗಳಿಗೆ ಸಿಕ್ಕಿದ್ದು ಐದೂವರೆ. ಮೂರು ರೂಪಾಯಿಯಲ್ಲಿ ಒಂದು ರೂಪಾಯಿ ಸಿಗುತ್ತಿದ್ದದ್ದು ಹನ್ನೆರಡು ರೂಪಾಯಿಯಲ್ಲಿ ಒಂದಕ್ಕೆ ಬಂತು. ಹತ್ತು ವರ್ಷದಲ್ಲಿ.

ಈ ಅಂಕಿ ಮೊದಲ ಸಲ ಓದಿದಾಗ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ಚಿಕ್ಕಪ್ಪನ ಗುಡ್ಡ ಆ ಲೆಕ್ಕದ ಒಳಗೆ ಎಲ್ಲೋ ಇತ್ತು.

ಈಗ ಇವತ್ತಿಗೆ ಬರೋಣ. ನೀವು ಹೇಳುತ್ತೀರಿ, ಅದೆಲ್ಲ ಹಳೇದಾಯಿತು, ಈಗ ಬೆಲೆ ಚೆನ್ನಾಗಿದೆಯಲ್ಲ ಅಂತ. ನಿಜ. 2021ರಲ್ಲಿ ಬ್ರೆಜಿಲ್‌ಗೆ ಮತ್ತೆ ಹಿಮ, ಆಮೇಲೆ ಬರ. ವಿಯೆಟ್ನಾಂನಲ್ಲಿ ಬರ, ಎಷ್ಟೋ ಜನ ಕಾಫಿ ಬಿಟ್ಟು ಡುರಿಯನ್ ಹಣ್ಣಿಗೆ ಹೋದರು. 2024ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್ ಬೆಲೆ 1977ರ ದಾಖಲೆ ಮುರಿಯಿತು, 2025ರ ಫೆಬ್ರವರಿಯಲ್ಲಿ ಪೌಂಡಿಗೆ 4 ಡಾಲರ್ ದಾಟಿತು. ನಮ್ಮಲ್ಲಿ 50 ಕೆಜಿ ಅರೇಬಿಕಾ ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದು ತೊಳೆದು ಒಣಗಿಸಿದ ಕಾಫಿ) ಮೂಟೆ 25,000 ರೂಪಾಯಿ ದಾಟಿತು, ರೊಬಸ್ಟಾ ಚೆರ್ರಿ (ಹಣ್ಣನ್ನು ಹಾಗೇ ಒಣಗಿಸಿದ ಕಾಫಿ) 10,000 ದಾಟಿತು.

ಪತ್ರಿಕೆಗಳಲ್ಲಿ ಇದನ್ನು ಹಿಂದೆಂದೂ ಕಾಣದ ಬೆಲೆ ಅಂತ ಬರೆದರು. ಆ ಮಾತಿನ ಮೇಲೆ ನನಗೆ ತಕರಾರಿದೆ. 1977ರಲ್ಲಿ ಪೌಂಡಿಗೆ 3 ಡಾಲರ್ ಮೇಲೆ ಹೋಗಿತ್ತು. 1975ರಲ್ಲಿ ಬ್ರೆಜಿಲ್‌ನ ಪರಾನಾ ರಾಜ್ಯದಲ್ಲಿ ಬಿದ್ದ ಹಿಮ ಇಡೀ ರಾಜ್ಯದ ಕಾಫಿಯನ್ನೇ ಸುಟ್ಟಿತ್ತು, ಅದರ ಪರಿಣಾಮ. ಆವತ್ತಿಂದ ಇವತ್ತಿಗೆ ಅಮೆರಿಕದಲ್ಲಿ ಎಲ್ಲದರ ಬೆಲೆ ಐದು ಪಟ್ಟಾಗಿದೆ. ಅಂದರೆ ಆಗಿನ 3 ಡಾಲರ್ ಈಗಿನ 15 ಡಾಲರಿಗೆ ಸಮ. ನಾವು ದಾಖಲೆ ಅಂತ ಸಂಭ್ರಮಿಸಿದ 4 ಡಾಲರ್, ನಿಜವಾದ ಬೆಲೆಯಲ್ಲಿ 1977ರ ಮೂರರಲ್ಲಿ ಒಂದು ಭಾಗವೂ ಇಲ್ಲ.

ನಮ್ಮಪ್ಪ ಅರ್ಥಶಾಸ್ತ್ರ ಓದಿದವರಲ್ಲ, ಆದರೆ ಇದನ್ನು ಅಳೆಯಲು ಒಂದು ಲೆಕ್ಕ ಇಟ್ಟುಕೊಂಡಿದ್ದರು. ಆ ಪುಸ್ತಕದಲ್ಲಿ ಪ್ರತಿ ವರ್ಷದ ಪುಟದ ಕೊನೆಗೆ ಒಂದು ಸಾಲು: ಮೂಟೆಗೆ ಇಷ್ಟು ಆಳು. ಅಂದರೆ ಒಂದು ಮೂಟೆ ಕಾಫಿ ಮಾರಿದರೆ ಎಷ್ಟು ಆಳಿನ ಒಂದು ದಿನದ ಕೂಲಿ ಕೊಡಬಹುದು ಅನ್ನುವುದು. ರೂಪಾಯಿ ಏನೇ ಆಗಲಿ, ಈ ಲೆಕ್ಕ ಸುಳ್ಳು ಹೇಳುವುದಿಲ್ಲ. 2002ರ ಪುಟದಲ್ಲಿ ಆ ಅಂಕಿ 1995ರದ್ದರ ಕಾಲು ಭಾಗಕ್ಕೂ ಕಡಿಮೆ. ನಿಮ್ಮ ಮನೆಯಲ್ಲೂ ಹಳೆ ಲೆಕ್ಕ ಇದ್ದರೆ ಈ ಒಂದು ಸಾಲು ಹಾಕಿ ನೋಡಿ.

ಇನ್ನೊಂದು ಸಣ್ಣ ಲೆಕ್ಕ. ಹಸಿ ಬೀಜ ಕೆಜಿಗೆ 400 ರೂಪಾಯಿ ಅಂತಿಟ್ಟುಕೊಳ್ಳಿ. ಹುರಿದಾಗ ತೂಕ ಇಳಿಯುತ್ತದೆ, ಒಂದು ಕೆಜಿ ಹುರಿದ ಕಾಫಿಗೆ ಸುಮಾರು 1.2 ಕೆಜಿ ಬೀಜ ಬೇಕು. ಒಂದು ಲೋಟಕ್ಕೆ 10 ಗ್ರಾಂ ಹಾಕಿದರೆ ನೂರು ಲೋಟ. ಲೋಟಕ್ಕೆ ಬೀಜದ ಖರ್ಚು ಐದು ರೂಪಾಯಿ ಒಳಗೆ. ಬೆಂಗಳೂರಿನ ಮಾಲ್‌ನಲ್ಲಿ ಅದೇ ಕಪ್ಪಿಗೆ 250 ಕೊಡುತ್ತೀರಿ. ಬಾಡಿಗೆ, ಹಾಲು, ಸಂಬಳ, ಕರೆಂಟು ಎಲ್ಲ ಇದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ನಾಳೆ ಬೀಜದ ಬೆಲೆ ದುಪ್ಪಟ್ಟಾದರೂ ಆ ಕಪ್ಪಿಗೆ ಐದು ರೂಪಾಯಿ ಜಾಸ್ತಿ ಆದರೆ ಸಾಕು ಅನ್ನುವುದು ನೆನಪಿರಲಿ. ಕಾಫಿ ಬೆಲೆ ಏರಿತು ಅಂತ ಯಾರಾದರೂ ಗೋಳಾಡಿದರೆ ಈ ಲೆಕ್ಕ ಹೇಳಿ.

ಈ ನಡುವಿನ ದುಡ್ಡು ಎಲ್ಲಿ ಕೂರುತ್ತದೆ? ಹುರಿಯುವಲ್ಲಿ, ಪ್ಯಾಕ್ ಮಾಡುವಲ್ಲಿ, ಹೆಸರು ಹಚ್ಚುವಲ್ಲಿ. ಯುರೋಪ್ ಇಷ್ಟು ವರ್ಷ ಹಸಿ ಬೀಜವನ್ನು ಸುಂಕ ಇಲ್ಲದೆ ಒಳಗೆ ಬಿಟ್ಟುಕೊಂಡಿದೆ, ಹುರಿದ ಕಾಫಿಗೆ ಮಾತ್ರ ನೂರಕ್ಕೆ ಏಳೂವರೆ ಸುಂಕ. ಬೀಜ ಕೊಡು, ಹುರಿಯೋದು ನಮಗೆ ಬಿಡು ಅನ್ನುವ ಹಾಗೆ. ಜರ್ಮನಿಯಲ್ಲಿ ಒಂದು ಕಾಫಿ ಗಿಡವೂ ಬೆಳೆಯುವುದಿಲ್ಲ, ಆದರೂ ಅದು ಕಾಫಿ ರಫ್ತು ಮಾಡುವ ದೊಡ್ಡ ದೇಶಗಳಲ್ಲಿ ಒಂದು. ಸ್ವಿಟ್ಜರ್ಲೆಂಡ್ ಚಾಕೊಲೇಟ್, ಚೀಸ್ ಎರಡಕ್ಕಿಂತ ಜಾಸ್ತಿ ಮೌಲ್ಯದ ಕಾಫಿಯನ್ನು ಹೊರಗೆ ಕಳಿಸುತ್ತದೆ. ಅವರ ಜಾಣತನಕ್ಕೆ ನಾನು ಅಸೂಯೆ ಪಡುವುದಿಲ್ಲ. ನಾವು ಹುರಿಯುವುದನ್ನು ಕಲಿಯಲು ಇಷ್ಟು ತಡ ಮಾಡಿದ್ದೇ ನನಗೆ ಬೇಸರ.

ಬೆಲೆ ಒಂದೇ ಅಲ್ಲ, ಈಗ ರಾಜಕೀಯವೂ ಸೇರಿದೆ. 2025ರ ಆಗಸ್ಟ್‌ನಲ್ಲಿ ಅಮೆರಿಕ ಬ್ರೆಜಿಲ್ ಮಾಲಿನ ಮೇಲೆ 50% ಸುಂಕ ಹಾಕಿತು, ಕಾಫಿಯೂ ಸೇರಿ. ಅಮೆರಿಕದಲ್ಲಿ ಹವಾಯಿ ಬಿಟ್ಟರೆ ಹೇಳಿಕೊಳ್ಳುವಂಥ ಕಾಫಿ ಇಲ್ಲ. ತಮ್ಮಲ್ಲಿ ಬೆಳೆಯದ ವಸ್ತುವಿಗೆ ಸುಂಕ ಹಾಕಿ ಯಾರನ್ನು ಕಾಪಾಡಿದರು? ನವೆಂಬರ್‌ನಲ್ಲಿ ಕಾಫಿ ಮೇಲಿನದ್ದನ್ನು ತೆಗೆದರು. ಆ ಮೂರು ತಿಂಗಳಲ್ಲಿ ನಮ್ಮೂರಿನ ರೇಟ್ ಹೇಗೆ ಕುಣಿಯಿತು ಅನ್ನುವುದು ನಿಮಗೆ ಗೊತ್ತು.

ಇನ್ನು ಕೆಂಪು ಸಮುದ್ರ. 2023ರ ಕೊನೆಯಿಂದ ಯೆಮೆನ್‌ನ ಹೂತಿ ಬಂಡುಕೋರರು ಹಡಗುಗಳ ಮೇಲೆ ದಾಳಿ ಶುರು ಮಾಡಿದರು, ಹಡಗುಗಳು ಸೂಯೆಜ್ ಕಾಲುವೆ ಬಿಟ್ಟು ಆಫ್ರಿಕಾ ಸುತ್ತಿ ಹೋಗತೊಡಗಿದವು. ನಮ್ಮ ಕಾಫಿಗೆ ದೊಡ್ಡ ಗಿರಾಕಿ ಇಟಲಿ, ಹಾಗಾಗಿ ಬಿಸಿ ನಮಗೂ ತಟ್ಟಿತು. ಇಲ್ಲಿ ಸ್ವಲ್ಪ ದಾರಿ ಬಿಟ್ಟು ಹೋಗುತ್ತೇನೆ, ಒಂದು ಚಂದದ ಕಥೆ ಇದೆ. ಸೂಯೆಜ್ ಕಾಲುವೆ 1869ರಲ್ಲಿ ತೆರೆಯುವ ಮೊದಲು ನಮ್ಮ ಕಾಫಿ ಆಫ್ರಿಕಾ ಸುತ್ತಿಯೇ ಹೋಗುತ್ತಿತ್ತು. ತಿಂಗಳುಗಟ್ಟಲೆ ಮರದ ಹಡಗಿನಲ್ಲಿ, ಸಮುದ್ರದ ತೇವ ಹೀರಿ ಬೀಜ ಉಬ್ಬಿ, ಬಣ್ಣ ತಿರುಗಿ ಹಳದಿಯಾಗುತ್ತಿತ್ತು, ಹುಳಿ ಕಡಿಮೆಯಾಗುತ್ತಿತ್ತು. ಯುರೋಪಿನವರಿಗೆ ಆ ರುಚಿಯೇ ಅಭ್ಯಾಸ ಆಗಿತ್ತು. ಕಾಲುವೆ ಬಂದು ದಾರಿ ಚಿಕ್ಕದಾದ ಮೇಲೆ ಆ ರುಚಿ ಹೋಯಿತು. ಆಗ ಇಲ್ಲಿಯವರು ಕರಾವಳಿಯ ಗೋದಾಮುಗಳಲ್ಲಿ ಮಳೆಗಾಲದ ಗಾಳಿಗೆ ಕಾಫಿ ಒಡ್ಡಿ ಅದೇ ರುಚಿ ಮತ್ತೆ ತಂದರು. ಅದೇ ಮಾನ್ಸೂನ್ಡ್ ಮಲಬಾರ್. ಮಂಗಳೂರು ಕಡೆ ಈಗಲೂ ಮಾಡುತ್ತಾರೆ, ಒಳ್ಳೆ ಬೆಲೆಯೂ ಇದೆ. ನಮ್ಮ ಜನ ಜಾಣರು ಅನ್ನುವುದಕ್ಕೆ ನಾನು ಎಲ್ಲ ಕಡೆ ಈ ಉದಾಹರಣೆ ಕೊಡುತ್ತೇನೆ.

ಯುರೋಪಿನ ಕಾಡು ಕಾನೂನಿನ ಬಗ್ಗೆ ನಿಮ್ಮಲ್ಲಿ ತುಂಬಾ ಜನ ಕೇಳಿದಿರಿ. ಅದು 2023ರಲ್ಲಿ ಆದ ಕಾನೂನು. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿ ಅಲ್ಲಿಗೆ ಹೋಗುವಂತಿಲ್ಲ. ಯಾವ ತೋಟದ ಕಾಫಿ ಅಂತ ನಕ್ಷೆಯ ಗುರುತು ಸಮೇತ ತೋರಿಸಬೇಕು. ಜಾರಿಯನ್ನು ಎರಡು ಸಲ ಮುಂದೂಡಿದ್ದಾರೆ. ನನ್ನ ಅಭಿಪ್ರಾಯ ಹೇಳುತ್ತೇನೆ: ಇದರ ಉದ್ದೇಶ ಒಳ್ಳೆಯದು, ನಮ್ಮ ಹಿತಕ್ಕೂ ಒಳ್ಳೆಯದು. ನಾವು ಬೆಳೆಯುವುದು ನೆರಳಿನ ಕಾಫಿ, ತೋಟದೊಳಗೆ ಮರ ಇದೆ, ಹಕ್ಕಿ ಇದೆ. ಬಯಲಿನಲ್ಲಿ ಯಂತ್ರ ಹೊಡೆದು ಬೆಳೆಯುವವರ ಮುಂದೆ ನಮ್ಮ ಬಲ ಇರುವುದೇ ಇಲ್ಲಿ. ಆದರೆ ಮೂರು ಎಕರೆಯವನು ಜಂಟಿ ಖಾತೆ, ಭಾಗ ಆಗದ ಪಹಣಿ ಹಿಡಿದುಕೊಂಡು ಆ ಗುರುತು ಮಾಡಿಸಬೇಕು, ಅದರ ಖರ್ಚು ಅವನದ್ದೇ. ಕಾಡು ಉಳಿಯಲಿ ಅಂತ ಯುರೋಪ್ ಬಯಸುವುದಾದರೆ ಬೆಲೆಯಲ್ಲಿ ಅದಕ್ಕೊಂದು ಪಾಲು ಇರಬೇಕಲ್ವಾ? ಕಾನೂನಿನಲ್ಲಿ ಅದಿಲ್ಲ.

ಹಾಗಾದರೆ ಏನು ಮಾಡಬೇಕು ಅಂತ ಕೇಳುತ್ತೀರಿ.

ನನ್ನ ಕಣ್ಣು ಕೊಲಂಬಿಯಾ ಮೇಲೆ. ಅಲ್ಲಿ ಬೆಳೆಗಾರರ ಒಕ್ಕೂಟ 1927ರಿಂದ ಇದೆ. ಯಾವ ಸಣ್ಣ ರೈತ ಯಾವತ್ತು ಕಾಫಿ ತಂದರೂ ಆ ದಿನದ ಮಾರುಕಟ್ಟೆ ಬೆಲೆ ಕೊಟ್ಟು ಕೊಳ್ಳುವುದು ಅದರ ಕರ್ತವ್ಯ. ಬೇರೆಯವರಿಗೂ ಮಾರಬಹುದು, ಬಲವಂತ ಇಲ್ಲ. ನಮ್ಮ ಪೂಲ್‌ಗೂ ಅದಕ್ಕೂ ಅದೇ ವ್ಯತ್ಯಾಸ. ಹುವಾನ್ ವಾಲ್ಡೆಸ್ ಅನ್ನುವ ಹೆಸರು ಕೇಳಿರಬಹುದು, ಹೇಸರಗತ್ತೆ ಜೊತೆ ನಿಂತ ರೈತನ ಚಿತ್ರ. ಆ ಹೆಸರು ಬೆಳೆಗಾರರ ಒಕ್ಕೂಟದ್ದೇ, 2002ರಿಂದ ಅದೇ ಹೆಸರಿನಲ್ಲಿ ಕಾಫಿ ಅಂಗಡಿಗಳೂ ಇವೆ. ಅಲ್ಲಿ ಎಲ್ಲ ಚೆನ್ನಾಗಿದೆ ಅಂತಲ್ಲ, ಬೆಲೆ ಬಿದ್ದಾಗ ಅಲ್ಲಿಯ ರೈತರೂ ಬೀದಿಗೆ ಬಂದಿದ್ದಾರೆ. ಆದರೂ ಬೀಳುವಾಗ ಹಿಡಿಯಲು ಒಂದು ಕೈ ಇದೆ.

ನಮ್ಮಲ್ಲಿ ಕೊಡಗು, ಚಿಕ್ಕಮಗಳೂರು, ಬಾಬಾಬುಡನ್‌ಗಿರಿ ಅರೇಬಿಕಾಗಳಿಗೆ 2019ರಲ್ಲಿ ಭೌಗೋಳಿಕ ಗುರುತು, ಅಂದರೆ ಈ ಊರಿನದ್ದೇ ಮಾಲು ಅನ್ನುವ ಜಿಐ ಮುದ್ರೆ, ಸಿಕ್ಕಿತು. ಆ ಹೆಸರು ಹಾಕಿ ಪೊಟ್ಟಣ ಮಾರುವವರು ನಮ್ಮಲ್ಲಿ ಎಷ್ಟು ಜನ ಇದ್ದೀರಿ, ಕೈ ಎತ್ತಿ. ಮೂರು. ಮೂವರೂ ನಲವತ್ತರ ಒಳಗಿನವರು, ಅದು ನನಗೆ ಖುಷಿ.

ಇನ್ನೊಂದು ದಾರಿ ನಮ್ಮದೇ ಬಾಯಿ. ಬ್ರೆಜಿಲ್ ತಾನು ಬೆಳೆದದ್ದರಲ್ಲಿ ಸುಮಾರು ಮೂರನೇ ಒಂದು ಭಾಗ ತಾನೇ ಕುಡಿಯುತ್ತದೆ, ಇಥಿಯೋಪಿಯಾ ಹತ್ತಿರ ಹತ್ತಿರ ಅರ್ಧ. ನಾವು ನೂರಕ್ಕೆ 70ರಷ್ಟನ್ನು ಹೊರಗೆ ಕಳಿಸುತ್ತೇವೆ. ಊರಿನಲ್ಲೇ ಗಿರಾಕಿ ಇದ್ದವನು ಲಂಡನ್ ಬಿದ್ದ ದಿನ ಪೂರ್ತಿ ಬೀಳುವುದಿಲ್ಲ.

ಮುಂಗಡ ಕರಾರು ಮಾಡಿಕೊಳ್ಳಿ, ನಾಲ್ಕೈದು ವರ್ಷಕ್ಕೆ ಒಂದು ಕನಿಷ್ಠ ಬೆಲೆ ಹಾಕಿಸಿ ಅಂತ ನಾನು ಮೊದಲು ಎಲ್ಲ ಕಡೆ ಹೇಳುತ್ತಿದ್ದೆ. ಈಗ ಅಷ್ಟು ಧೈರ್ಯವಾಗಿ ಹೇಳಲಾರೆ. 2023-24ರಲ್ಲಿ ವಿಯೆಟ್ನಾಂನಲ್ಲಿ ಬೆಲೆ ಏರಿದಾಗ ಎಷ್ಟೋ ರೈತರು, ದಲ್ಲಾಳಿಗಳು ಮೊದಲು ಒಪ್ಪಿದ್ದ ಕಾಫಿ ಕೊಡಲೇ ಇಲ್ಲ. ರಫ್ತುದಾರರು ದೊಡ್ಡ ನಷ್ಟ ತಿಂದರು. ನಮ್ಮಲ್ಲೂ ಅಂಥವು ನಡೆದವು, ಹೆಸರು ಬೇಡ, ಈ ಸಭೆಯಲ್ಲೇ ಎರಡೂ ಕಡೆಯವರು ಇದ್ದೀರಿ. ಬೆಲೆ ಬಿದ್ದಾಗ ಕೊಳ್ಳುವವನು ಮಾತು ಉಳಿಸಿಕೊಳ್ಳಲಿ ಅಂತ ನಾವು ಕೇಳಬೇಕಾದರೆ, ಏರಿದಾಗ ನಾವೂ ಉಳಿಸಿಕೊಳ್ಳಬೇಕಾಗುತ್ತದೆ. ಒಬ್ಬೊಬ್ಬರಾಗಿ ಇದು ಕಷ್ಟ. ಐವತ್ತು ಜನ ಸೇರಿ ಒಂದೇ ಕಡೆ ಪಲ್ಪ್ ಮಾಡಿಸಿ (ಹಣ್ಣಿನ ಸಿಪ್ಪೆ ತೆಗೆಸಿ), ಒಂದೇ ಕಡೆ ಮಾರಿದರೆ 10 ಟನ್ ಕರಾರಿನ ಬಾಗಿಲೂ ಕೈಗೆ ಎಟುಕುತ್ತದೆ. ಅದರಲ್ಲೇ ಮೂಟೆಗೆ ಒಂದಿಷ್ಟು ಅಂತ ತೆಗೆದಿಟ್ಟು ಕೆಟ್ಟ ವರ್ಷಕ್ಕೆ ನಿಧಿ ಮಾಡಬಹುದು. ಇದನ್ನು ಒಳ್ಳೆ ಬೆಲೆ ಇರುವಾಗಲೇ ಶುರು ಮಾಡಬೇಕು. 2002ರಲ್ಲಿ ನಾವು ಎಷ್ಟು ಸಭೆ ಮಾಡಿದೆವು! ಕೊಡಲು ಯಾರ ಕೈಯಲ್ಲೂ ದುಡ್ಡಿರಲಿಲ್ಲ.

ಕೊನೆಗೆ ಒಂದು ವಿಷಯ. ಇಲ್ಲಿ ಅದನ್ನು ಹೇಳದೆ ಹೋದರೆ ನನಗೆ ಸಮಾಧಾನ ಇರುವುದಿಲ್ಲ.

ಇಷ್ಟು ಹೊತ್ತು ನಾನು ಏನು ಹೇಳಿದೆ? ಮೇಲಿನವರೆಲ್ಲ ತಮ್ಮ ಭಯವನ್ನು ಕೆಳಗೆ ದಾಟಿಸುತ್ತಾರೆ, ಬೆಳೆಗಾರನಿಗೆ ದಾಟಿಸಲು ಯಾರೂ ಇಲ್ಲ ಅಂದೆ. ಅದು ಪೂರ್ತಿ ನಿಜ ಅಲ್ಲ. ನಮ್ಮ ಕೆಳಗೆ ಲೈನ್ ಮನೆಯವರು, ಅಂದರೆ ತೋಟದ ಸಾಲುಮನೆಗಳಲ್ಲಿ ಇರುವ ಆಳುಗಳು ಇದ್ದಾರೆ. ಅಸ್ಸಾಂನಿಂದ, ಜಾರ್ಖಂಡ್‌ನಿಂದ ಮೂರು ದಿನ ರೈಲಿನಲ್ಲಿ ಬಂದು ನಮ್ಮ ಕಾಫಿ ಕುಯ್ಯುತ್ತಾರೆ. 2002ರಲ್ಲಿ ಬೆಲೆ ಬಿದ್ದಾಗ ನಾವು ಮೊದಲು ನಿಲ್ಲಿಸಿದ್ದು ಆಳನ್ನು. ಆಗ ಇಲ್ಲಿಯವರೇ ಆಳುಗಳಿದ್ದರು, ಅವರು ಬೆಂಗಳೂರು, ಮಂಗಳೂರಿಗೆ ಹೋದವರು ತಿರುಗಿ ಬರಲಿಲ್ಲ. ಈಗ ಆಳು ಸಿಗುವುದಿಲ್ಲ ಅಂತ ನಾವೇ ಅಳುತ್ತೇವೆ. ಈ ಎರಡು ಮೂರು ವರ್ಷದಲ್ಲಿ ಮೂಟೆ ಬೆಲೆ ದುಪ್ಪಟ್ಟಾಯಿತು, ಕೂಲಿ ದುಪ್ಪಟ್ಟಾಯಿತಾ? ಆಗಲಿಲ್ಲ. ನ್ಯೂಯಾರ್ಕಿನವರನ್ನು ನಾವು ಕೇಳುವ ಪ್ರಶ್ನೆಯನ್ನೇ ದೂರದಿಂದ ಬಂದ ಈ ಆಳುಗಳು ನಮ್ಮನ್ನು ಕೇಳಬಹುದು. ಅವರಿಗೆ ಕನ್ನಡ ಬರುವುದಿಲ್ಲ, ಅದಕ್ಕೆ ಕೇಳುತ್ತಿಲ್ಲ.

ಸಭೆ ಶುರುವಾಗುವ ಮೊದಲು ಒಬ್ಬ ಹುಡುಗಿ ಬಂದು ಕೇಳಿದಳು, ಬಿ.ಕಾಂ. ಮುಗಿಸಿ ತೋಟಕ್ಕೇ ಬರಬೇಕು ಅಂತಿದ್ದೇನೆ, ಸರಿನಾ ಸರ್ ಅಂತ. ಬಾ ಅಮ್ಮ. ಆದರೆ ಮೊದಲ ದಿನದಿಂದಲೇ ಒಂದು ಪುಸ್ತಕ ಇಡು. ಬೆಲೆ ಬರಿ, ಮಳೆ ಬರಿ, ಗೊಬ್ಬರದ ಖರ್ಚು ಬರಿ. ಪುಟದ ಕೊನೆಗೆ ಮೂಟೆಗೆ ಎಷ್ಟು ಆಳು ಅಂತ ಬರಿ, ಅದರ ಪಕ್ಕದಲ್ಲೇ ಇನ್ನೊಂದು ಸಾಲು ಸೇರಿಸು: ಆ ಆಳಿನ ಒಂದು ದಿನದ ಕೂಲಿಗೆ ಎಷ್ಟು ಕೆಜಿ ಅಕ್ಕಿ ಬರುತ್ತದೆ ಅಂತ. ನಮ್ಮಪ್ಪ ಎರಡನೇ ಸಾಲು ಬರೆಯಲಿಲ್ಲ. ಪುಸ್ತಕ ತಂದಿದ್ದೇನೆ, ಅಗೋ ಆ ಮೇಜಿನ ಮೇಲಿದೆ. ಪುಟ ಮೆತ್ತಗಾಗಿವೆ, ಸ್ವಲ್ಪ ಜೋಪಾನವಾಗಿ ತಿರುವಿ.